ಎಚ್‌ಪಿವಿ ಲಸಿಕೆ: ಆರೋಗ್ಯ ಕಾರ್ಯಕರ್ತೆ ಏನು ಹೇಳಬೇಕು, ಮನೆಯವರು ಏನು ಕೇಳಬೇಕು?

ಸಿರವಾರ: ‘ಇನ್ನೂ ಮದುವಿ ಆಗದ ಹುಡುಗಿಗೆ ಗರ್ಭಚೀಲದ ಕ್ಯಾನ್ಸರ್ ಸೂಜಿ ಯಾಕ್ರೀ?’

ಎಚ್‌ಪಿವಿ ಲಸಿಕೆಯ ಮಾತು ಎತ್ತಿದ ಕೂಡಲೇ ಮನೆ ಬಾಗಿಲಲ್ಲಿ ಏಳುವ ಮೊದಲ ಪ್ರಶ್ನೆ ಇದು. ಕೇಳುವುದು ತಂದೆ ತಾಯಿಯ ಹಕ್ಕು. ಆದರೆ ಆಶಾ ಕಾರ್ಯಕರ್ತೆಯೋ ಸಿಸ್ಟರೋ ‘ಮ್ಯಾಲಿನವರು ಹೇಳ್ಯಾರ, ಮಾಡಿಸ್ರಿ’ ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋದರೆ ಆ ಮನೆಯ ಹುಡುಗಿಗೆ ಲಸಿಕೆ ತಪ್ಪುತ್ತದೆ. ಲಸಿಕೆ ಐಸ್ ಡಬ್ಬಿಯಲ್ಲಿ ಊರಿಗೆ ಬಂದು ಹಾಗೇ ವಾಪಸ್ ಹೋಗುತ್ತದೆ.

ಮಾನ್ವಿಯಿಂದ ಬೇರ್ಪಟ್ಟು ಹೊಸ ತಾಲೂಕಾದ ಸಿರವಾರದಲ್ಲಿ ಆರೋಗ್ಯದ ಮಾತು ಮನೆ ಮನೆಗೆ ತಲುಪುವುದು ಆಶಾ ಕಾರ್ಯಕರ್ತೆ, ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ (ಜನರ ಬಾಯಲ್ಲಿ ನರ್ಸಮ್ಮ), ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಂದ. ಮೆಡಿಕಲ್ ಅಂಗಡಿಯವರನ್ನೂ ಜನ ಅಷ್ಟೇ ನಂಬಿ ಕೇಳುತ್ತಾರೆ. ಇವರೆಲ್ಲ ತಿಳಿದಿರಬೇಕಾದ ವಿಷಯ ಇಲ್ಲಿದೆ. ಮನೆಯವರು ಓದಿಕೊಂಡರೆ ಯಾವ ಪ್ರಶ್ನೆ ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ರೋಗ ಯಾವುದು, ಬರುವುದು ಹೇಗೆ?

ಗರ್ಭಚೀಲದ ಕೆಳತುದಿಯ ಬಾಯಿಗೆ ಗರ್ಭಕಂಠ ಅಥವಾ ಗರ್ಭಕೊರಳು ಎನ್ನುತ್ತಾರೆ. ಅಲ್ಲಿ ಹುಟ್ಟುವ ಕ್ಯಾನ್ಸರ್ ಭಾರತದ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರ್ ನಂತರ ಎರಡನೇ ಸ್ಥಾನದಲ್ಲಿದೆ. 2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ ಆ ಒಂದು ವರ್ಷ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂದಿದೆ. ಸುಮಾರು 80 ಸಾವಿರ ಮಂದಿ ಸತ್ತಿದ್ದಾರೆ. ಮನೆ, ಹೊಲ, ಅಂಗಡಿ ಎಲ್ಲವನ್ನೂ ಹೊತ್ತು ನಡೆಸುವ ನಡುವಯಸ್ಸಿನಲ್ಲಿಯೇ ಬರುವ ರೋಗ ಇದು.

ಇದಕ್ಕೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸನ್ ಈ ನಂಟನ್ನು ಪತ್ತೆ ಹಚ್ಚಿದರು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ 16 ಮತ್ತು 18ನೇ ನಂಬರಿನ ಎರಡೇ ಬಗೆಗಳು ಜಗತ್ತಿನ ಸುಮಾರು ಶೇ 70ರಷ್ಟು ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ.

ವೈರಸ್ ಹರಡುವುದು ಗಂಡು ಹೆಣ್ಣಿನ ದೈಹಿಕ ಸಂಪರ್ಕದಿಂದ. ಇಲ್ಲಿ ಆರೋಗ್ಯ ಕಾರ್ಯಕರ್ತೆ ಮಾತು ತೂಗಿ ಆಡಬೇಕು. ಇದು ‘ಕೆಟ್ಟ ನಡತೆಯವರ ರೋಗ’ ಅಲ್ಲ. ಸಂಸಾರ ಮಾಡುವ ಹೆಚ್ಚಿನ ಗಂಡಸರು, ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ವೈರಸ್ ತಗುಲಿರುತ್ತದೆ. ನೆಗಡಿ ಬಂದು ಹೋದಂತೆ ಹತ್ತರಲ್ಲಿ ಒಂಬತ್ತು ಮಂದಿಗೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಅಲ್ಲೇ ಕೂತು, ಸಾಮಾನ್ಯವಾಗಿ 15ರಿಂದ 20 ವರ್ಷದಲ್ಲಿ ಕ್ಯಾನ್ಸರ್ ಆಗುತ್ತದೆ. ಎಚ್‌ಐವಿ ಇರುವ ಮಹಿಳೆಯರಲ್ಲಿ ಇದು ಬೇಗ ಬೆಳೆಯುತ್ತದೆ. ಅವರಿಗೆ ಅಪಾಯ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು.

ಲಸಿಕೆ ಏನು ಮಾಡುತ್ತದೆ?

ವೈರಸ್‌ನ ಹೊರಕವಚವನ್ನು ಹೋಲುವ ಪ್ರೋಟೀನ್ ಮಾತ್ರ ಲಸಿಕೆಯಲ್ಲಿದೆ. ಒಳಗೆ ವೈರಸ್‌ನ ಬೀಜವೇ ಇಲ್ಲದ ಕಾರಣ ಲಸಿಕೆಯಿಂದ ರೋಗ ಬರುವ ಮಾತೇ ಇಲ್ಲ. ಖಾಲಿ ಕವಚವನ್ನು ನೋಡಿ ಮೈ ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳುತ್ತದೆ. ನಾಳೆ ನಿಜವಾದ ವೈರಸ್ ಬಂದರೆ ತಡೆಯುತ್ತದೆ.

ಈ ಲಸಿಕೆ ಮೊದಲು ಬಳಕೆಗೆ ಬಂದದ್ದು 2006ರಲ್ಲಿ. ಈಗ ಅದರ ಫಲ ಎಣಿಕೆಗೆ ಸಿಗುತ್ತಿದೆ. ಇಂಗ್ಲೆಂಡಿನಲ್ಲಿ 12–13ನೇ ವಯಸ್ಸಿಗೆ ಲಸಿಕೆ ಸಿಕ್ಕ ಪೀಳಿಗೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 87ರಷ್ಟು ಕಡಿಮೆಯಾಗಿದೆ ಎಂದು 2021ರ ಅಧ್ಯಯನ ತೋರಿಸಿತು. ಸ್ವೀಡನ್‌ನಲ್ಲಿ 17 ವರ್ಷ ತುಂಬುವ ಮೊದಲು ಹಾಕಿಸಿಕೊಂಡವರಲ್ಲಿ ಶೇ 88ರಷ್ಟು ಇಳಿದಿತ್ತು.

ಒಂದು ಮಾತು ಕಾರ್ಯಕರ್ತೆಯರು ಮುಚ್ಚಿಡಬಾರದು. ಲಸಿಕೆ ಬರುವ ವೈರಸ್ ತಡೆಯುತ್ತದೆ, ಆಗಲೇ ಬಂದು ಕೂತ ವೈರಸ್ ಓಡಿಸುವುದಿಲ್ಲ. ಕ್ಯಾನ್ಸರ್ ಆದವರಿಗೆ ಇದು ಔಷಧವೂ ಅಲ್ಲ. ‘ಮದುವೆಗೆ ಮುಂಚೆ ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹೊಲಕ್ಕೆ ದನ ನುಗ್ಗಿದ ಮೇಲೆ ಬೇಲಿ ಹಾಕಿ ಏನು ಪ್ರಯೋಜನ? 9ರಿಂದ 14 ವರ್ಷದ ಮೈ ಲಸಿಕೆಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತದೆ ಎಂಬುದು ಇನ್ನೊಂದು ಕಾರಣ. ನಮ್ಮ ಭಾಗದಲ್ಲಿ ಕಾನೂನು ಏನೇ ಹೇಳಿದರೂ ಚಿಕ್ಕ ವಯಸ್ಸಿನ ಮದುವೆ ಇನ್ನೂ ಪೂರ್ತಿ ನಿಂತಿಲ್ಲ. ಹಾಗಾಗಿ ಇಲ್ಲಿ ತಡ ಮಾಡುವುದು ಇನ್ನೂ ದುಬಾರಿ.

ಯಾರಿಗೆ, ಎಷ್ಟು ಡೋಸ್?

ಡೋಸ್ ಲೆಕ್ಕದಲ್ಲಿ ಜನರಿಗೆ ಗೊಂದಲ ಹೆಚ್ಚು. ಒಬ್ಬರು ಒಂದು ಸಾಕು ಅನ್ನುತ್ತಾರೆ, ಇನ್ನೊಬ್ಬರು ಎರಡು, ಖಾಸಗಿ ದವಾಖಾನೆಯಲ್ಲಿ ಮೂರು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ಹೀಗಿದೆ: 9ರಿಂದ 20 ವರ್ಷದವರಿಗೆ ಒಂದು ಅಥವಾ ಎರಡು ಡೋಸ್. 21 ದಾಟಿದವರಿಗೆ ಆರು ತಿಂಗಳ ಅಂತರದಲ್ಲಿ ಎರಡು. ಎಚ್‌ಐವಿ ಅಥವಾ ಬೇರೆ ಕಾರಣದಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು. ಭಾರತದ ಖಾಸಗಿ ವೈದ್ಯರು ಸಾಮಾನ್ಯವಾಗಿ 9–14 ವರ್ಷಕ್ಕೆ ಆರು ತಿಂಗಳ ಅಂತರದ ಎರಡು ಡೋಸ್, 15 ದಾಟಿದವರಿಗೆ ಆರು ತಿಂಗಳೊಳಗೆ ಮೂರು ಡೋಸ್ ಕೊಡುತ್ತಾರೆ. ಸರ್ಕಾರಿ ಅಭಿಯಾನದಲ್ಲಿ ಒಂದೇ ಡೋಸ್ ಎಂದರೆ ‘ಬಡವರ ಮಕ್ಕಳಿಗೆ ಅರ್ಧಂಬರ್ಧ’ ಎಂದು ಯಾರೂ ತಿಳಿಯಬೇಕಿಲ್ಲ.

ಒಂದೇ ಡೋಸ್ ಸಾಕು ಎಂಬ ಮಾತಿಗೆ ಮುಖ್ಯ ಆಧಾರಗಳಲ್ಲಿ ಒಂದು ನಮ್ಮ ದೇಶದ್ದೇ ಅಧ್ಯಯನ. 2009ರಲ್ಲಿ ಭಾರತದ ಹಲವು ಕೇಂದ್ರಗಳಲ್ಲಿ, ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೂ ಸೇರಿ, ಎರಡು ಡೋಸ್ ಮತ್ತು ಮೂರು ಡೋಸ್ ಹೋಲಿಸುವ ಅಧ್ಯಯನ ಶುರುವಾಯಿತು. 2010ರಲ್ಲಿ ಸರ್ಕಾರ ನಡುವೆಯೇ ನಿಲ್ಲಿಸಿತು. ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿ ಉಳಿಯಿತು. ಅವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ, 16 ಮತ್ತು 18ನೇ ಬಗೆ ಮೈಯಲ್ಲಿ ಬೇರೂರದಂತೆ ತಡೆಯುವಲ್ಲಿ ಒಂದು ಡೋಸ್ ಶೇ 95ರಷ್ಟು ಕೆಲಸ ಮಾಡಿದ್ದು ಕಂಡಿತು. ಎರಡು, ಮೂರು ಡೋಸ್ ಆದವರಿಗಿಂತ ಕಡಿಮೆ ಏನೂ ಆಗಿರಲಿಲ್ಲ. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಲೆಕ್ಕಾಚಾರವನ್ನೇ ಬದಲಿಸಿತು.

ಭಾರತದಲ್ಲೇ ತಯಾರಾದ ಲಸಿಕೆಯೂ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ‘ಸೆರ್ವಾವ್ಯಾಕ್’ಗೆ 2022ರ ಜುಲೈನಲ್ಲಿ ಅನುಮತಿ ಸಿಕ್ಕಿತು. 2023ರಲ್ಲಿ ಖಾಸಗಿ ಮಾರುಕಟ್ಟೆಗೆ ಬಂದಾಗ ಡೋಸ್‌ಗೆ 2,000 ರೂಪಾಯಿ ಇತ್ತು. ಹುಡುಗ ಹುಡುಗಿ ಇಬ್ಬರಿಗೂ 9ರಿಂದ 26 ವರ್ಷದವರೆಗೆ ಕೊಡಬಹುದು. ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಲು ಕೇಂದ್ರದ ತಜ್ಞರ ಸಮಿತಿ 2022ರಲ್ಲಿ ಶಿಫಾರಸು ಮಾಡಿತ್ತು. 9–14 ವರ್ಷದ ಹುಡುಗಿಯರಿಗೆ ಲಸಿಕೆ ಹಾಕಿಸಲು ಪ್ರೋತ್ಸಾಹ ಕೊಡುವುದಾಗಿ 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ್ದರು. ಅದಕ್ಕೂ ಮೊದಲು, 2018ರಲ್ಲೇ, ಪುಟ್ಟ ರಾಜ್ಯ ಸಿಕ್ಕಿಂ ಶಾಲೆಗಳ ಮೂಲಕ ರಾಜ್ಯದ ಎಲ್ಲ ಹುಡುಗಿಯರಿಗೂ ಲಸಿಕೆ ತಲುಪಿಸಲು ಹೊರಟು ದಾರಿ ತೋರಿಸಿತ್ತು.

ಸರ್ಕಾರಿ ಅಭಿಯಾನದ ಲಸಿಕೆಗೆ ಒಂದು ಪೈಸೆಯೂ ಕೊಡಬೇಕಿಲ್ಲ. ಯಾವ ವಯಸ್ಸಿನವರಿಗೆ, ಯಾವ ದಿನ, ಯಾವ ಶಾಲೆಯಲ್ಲಿ ಎಂಬುದನ್ನು ನಿಮ್ಮ ಊರ ಉಪಕೇಂದ್ರದಲ್ಲಿ ಇಲ್ಲವೇ 104 ಆರೋಗ್ಯ ಸಹಾಯವಾಣಿಯಲ್ಲಿ ಕೇಳಿ.

ಖಮ್ಮಂ ಕಲಿಸಿದ ಪಾಠ

ಲಸಿಕೆ ಬಗ್ಗೆ ನಮ್ಮ ದೇಶದಲ್ಲಿ ಅನುಮಾನ ಹುಟ್ಟಿದ್ದು ಎಲ್ಲಿಂದ ಎಂಬುದು ಪ್ರತಿ ಕಾರ್ಯಕರ್ತೆಗೂ ಗೊತ್ತಿರಬೇಕು. ಯಾಕೆಂದರೆ ಮೊಬೈಲ್‌ನಲ್ಲಿ ಆ ಸುದ್ದಿ ಇವತ್ತಿಗೂ ಓಡಾಡುತ್ತದೆ.

2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾ ಜಿಲ್ಲೆಯಲ್ಲಿ ‘ಪಾತ್’ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳು ಸೇರಿ ಸುಮಾರು 24 ಸಾವಿರ ಹುಡುಗಿಯರಿಗೆ ಈ ಲಸಿಕೆ ಕೊಡುವ ಯೋಜನೆ ನಡೆಸಿದವು. ಆ ಅವಧಿಯಲ್ಲಿ ಏಳು ಹುಡುಗಿಯರು ಸತ್ತರು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ನೀರಿಗೆ ಬಿದ್ದದ್ದು, ಹಾವು ಕಚ್ಚಿದ್ದು, ಕ್ರಿಮಿನಾಶಕ ಸೇವನೆ, ಮಲೇರಿಯಾ ಇಂಥ ಕಾರಣಗಳು ತನಿಖೆಯಲ್ಲಿ ಹೊರಬಂದವು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ.

ಆದರೆ ತಪ್ಪು ಬೇರೆ ಕಡೆ ಆಗಿತ್ತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಈ ಯೋಜನೆಯನ್ನು ಕಟುವಾಗಿ ಟೀಕಿಸಿತು. ಆಂಧ್ರದಲ್ಲಿ ಪರಿಶೀಲಿಸಿದ ಒಪ್ಪಿಗೆ ಪತ್ರಗಳಲ್ಲಿ 2,700ಕ್ಕೂ ಹೆಚ್ಚು ಪತ್ರಗಳಿಗೆ ಸಹಿ ಹಾಕಿದ್ದು ತಂದೆ ತಾಯಿ ಅಲ್ಲ, ಹಾಸ್ಟೆಲ್ ವಾರ್ಡನ್‌ಗಳು. ಹುಡುಗಿಯರಲ್ಲಿ ಹೆಚ್ಚಿನವರು ಬಡ ಆದಿವಾಸಿ ಕುಟುಂಬದವರು. ಏನು ಲಸಿಕೆ, ಯಾಕೆ ಎಂದು ಮನೆಗೆ ತಿಳಿಸದೆ ಸೂಜಿ ಹಾಕಿದ್ದರಿಂದ, ಸಾವಿನ ಸುದ್ದಿ ಬಂದಾಗ ಜನ ಯಾವ ಮಾತನ್ನೂ ನಂಬಲಿಲ್ಲ. ಒಳ್ಳೆಯ ಲಸಿಕೆಯೊಂದು ದೇಶದ ಹೆಣ್ಣುಮಕ್ಕಳಿಗೆ ಹತ್ತು ವರ್ಷಕ್ಕೂ ಹೆಚ್ಚು ತಡವಾಯಿತು.

ರಾಯಚೂರು ಜಿಲ್ಲೆಯಲ್ಲೂ ಸಾವಿರಾರು ಹುಡುಗಿಯರು ಕಸ್ತೂರಬಾ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಹಿಂದುಳಿದ ವರ್ಗ ಹಾಗೂ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಲ್ಲಿದ್ದಾರೆ. ಅಲ್ಲಿ ಈ ತಪ್ಪು ಮತ್ತೆ ಆಗಬಾರದು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವವರಿಗೆ ಅವರ ಮಾತಿನಲ್ಲಿ ಓದಿ ಹೇಳಬೇಕು. ಹೆಬ್ಬೆಟ್ಟು ಒತ್ತುವ ತಾಯಿಗೂ ಪ್ರಶ್ನೆ ಕೇಳಲು ಸಮಯ ಕೊಡಬೇಕು. ಹುಡುಗಿಗೂ ವಿಷಯ ತಿಳಿದಿರಬೇಕು. ‘ಬ್ಯಾಡ’ ಎಂದವರ ಮೇಲೆ ಒತ್ತಡ ಹಾಕುವಂತಿಲ್ಲ. ಇನ್ನೊಮ್ಮೆ ಹೋಗಿ ಮಾತಾಡಬಹುದು.

ಮನೆ ಬಾಗಿಲ ಪ್ರಶ್ನೆಗಳು

‘ಈ ಸೂಜಿ ಮಾಡಿಸಿದ್ರ ಮುಂದ ಮಕ್ಕಳಾಗಂಗಿಲ್ಲಂತ, ಖರೇನಾ?’
ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ಸುರಕ್ಷತಾ ಸಮಿತಿ 2017ರಲ್ಲಿ ಪರಿಶೀಲಿಸುವ ಹೊತ್ತಿಗೇ ಜಗತ್ತಿನಲ್ಲಿ 27 ಕೋಟಿ ಡೋಸ್ ವಿತರಣೆಯಾಗಿತ್ತು. ಬಂಜೆತನಕ್ಕೂ ಲಸಿಕೆಗೂ ನಂಟು ಸಿಕ್ಕಿಲ್ಲ. ಗರ್ಭಕಂಠದಲ್ಲಿ ಕ್ಯಾನ್ಸರ್ ಆದರೆ ಮಾತ್ರ ಗರ್ಭಚೀಲವನ್ನೇ ತೆಗೆಯಬೇಕಾಗಬಹುದು. ಆ ಲೆಕ್ಕದಲ್ಲಿ ಲಸಿಕೆ ತಾಯ್ತನವನ್ನು ಕಾಯುತ್ತದೆ.

‘ಮುಟ್ಟಿನಾಗ ಇದ್ದಾಗ ಹಾಕಿಸಬಹುದೇನ್ರೀ?’
ಹಾಕಿಸಬಹುದು. ಮುಟ್ಟಿಗೂ ಲಸಿಕೆಗೂ ಸಂಬಂಧ ಇಲ್ಲ. ಇನ್ನೂ ಮೈನೆರೆಯದ ಹುಡುಗಿಗೂ ಹಾಕಿಸಬಹುದು.

‘ಏನು ತೊಂದ್ರಿ ಆಗ್ತದ?’
ಸೂಜಿ ಚುಚ್ಚಿದ ಕಡೆ ನೋವು, ಬಾವು, ಕೆಂಪಾಗುವುದು. ಕೆಲವರಿಗೆ ಸಣ್ಣ ಜ್ವರ, ತಲೆನೋವು, ಸುಸ್ತು. ಒಂದೆರಡು ದಿನದಲ್ಲಿ ಹೋಗುತ್ತದೆ. ತೀವ್ರ ಅಲರ್ಜಿ ಬಹಳ ಅಪರೂಪ. ಆದರೂ ಆಗಬಹುದು ಎಂಬ ಕಾರಣಕ್ಕೇ ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ. ‘ಏನೂ ಆಗಂಗಿಲ್ಲ’ ಎಂದು ಹೇಳಿ ಕಳಿಸಿದರೆ ರಾತ್ರಿ ಜ್ವರ ಬಂದಾಗ ಮನೆಯವರು ಗಾಬರಿಯಾಗುತ್ತಾರೆ. ಮೊದಲೇ ಹೇಳಿದರೆ ಗಾಬರಿ ಇಲ್ಲ.

‘ಯಾರಿಗೆ ಹಾಕಬಾರದು?’
ಹಿಂದಿನ ಡೋಸ್‌ಗೆ ಅಥವಾ ಲಸಿಕೆಯಲ್ಲಿರುವ ಯಾವುದೇ ಅಂಶಕ್ಕೆ ತೀವ್ರ ಅಲರ್ಜಿ ಆದವರಿಗೆ ಹಾಕಬಾರದು. ಜೋರು ಜ್ವರ ಇದ್ದರೆ ಇಳಿದ ಮೇಲೆ ಹಾಕಬೇಕು. ಗರ್ಭಿಣಿಯರಿಗೆ ಹೆರಿಗೆ ಆಗುವ ತನಕ ಮುಂದೂಡಬೇಕು. ಗೊತ್ತಿಲ್ಲದೆ ಹಾಕಿಸಿಕೊಂಡಿದ್ದರೆ ಗರ್ಭ ತೆಗೆಸುವ ಅಗತ್ಯ ಖಂಡಿತ ಇಲ್ಲ. ಹಾಲುಣಿಸುವ ತಾಯಿ ಹಾಕಿಸಿಕೊಳ್ಳಬಹುದು.

‘ಮದುವಿ ಆಗ್ಯಾದ, ಈಗ ಹಾಕಿಸಿದ್ರ ಉಪಯೋಗ ಐತೇನು?’
26ರ ತನಕ ಹಾಕಿಸಬಹುದು. ಉಪಯೋಗ ಮೊದಲಿನಷ್ಟು ಇರುವುದಿಲ್ಲ, ಪೂರ್ತಿ ಇಲ್ಲ ಅಂತಲೂ ಅಲ್ಲ. ವೈದ್ಯರನ್ನು ಕೇಳಿ ನಿರ್ಧರಿಸಿ. ಲಸಿಕೆಗೆ ಮುಂಚೆ ಯಾವ ಟೆಸ್ಟ್ ಕೂಡ ಬೇಕಿಲ್ಲ.

‘ಗಂಡು ಹುಡುಗರಿಗೆ ಬ್ಯಾಡೇನು?’
ಹಾಕಿಸಬಹುದು. ವೈರಸ್ ಗಂಡಸರಲ್ಲೂ ಗಂಟಲು, ಗುದ, ಜನನಾಂಗದ ಕ್ಯಾನ್ಸರ್ ತರುತ್ತದೆ. ಆದರೆ ಹೆಚ್ಚು ಸಾವು ಹೆಣ್ಣುಮಕ್ಕಳದ್ದು. ಹಾಗಾಗಿ ಸರ್ಕಾರಿ ಲಸಿಕೆಯಲ್ಲಿ ಮೊದಲ ಸರದಿ ಅವರದ್ದು.

ವದಂತಿಗೆ ಉತ್ತರ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ಸಾಕ್ಷಿ. 2013ರಲ್ಲಿ ಅಡ್ಡಪರಿಣಾಮದ ಸುದ್ದಿಗಳು ಹಬ್ಬಿ ಸರ್ಕಾರ ಶಿಫಾರಸನ್ನೇ ತಡೆಹಿಡಿಯಿತು. ಶೇ 70ರ ಆಸುಪಾಸು ಇದ್ದ ಲಸಿಕೆ ಪ್ರಮಾಣ ಶೇ 1ಕ್ಕಿಂತ ಕೆಳಗೆ ಬಿತ್ತು. ಲಸಿಕೆ ಕಾರಣ ಅಲ್ಲ ಎಂದು ತಿಳಿದು ಮತ್ತೆ ಶುರು ಮಾಡಿದ್ದು 2022ರಲ್ಲಿ. ನಡುವಿನ ಒಂಬತ್ತು ವರ್ಷದ ಹುಡುಗಿಯರು ರಕ್ಷಣೆ ಇಲ್ಲದೆ ಬೆಳೆದರು.

ಸೂಜಿ ಹಾಕುವ ದಿನ

ಹುಡುಗಿ ಬೆಳಿಗ್ಗೆ ಊಟ ಮಾಡಿ ಬಂದಿರಬೇಕು. ಖಾಲಿ ಹೊಟ್ಟೆ, ಹೆದರಿಕೆ, ಬಿಸಿಲು ಮೂರೂ ಸೇರಿದರೆ ತಲೆ ಸುತ್ತಿ ಬೀಳುವವರೇ ಹೆಚ್ಚು. ಒಬ್ಬಳು ಬಿದ್ದರೆ ನೋಡಿದ ಹತ್ತು ಮಂದಿಗೆ ತಲೆ ತಿರುಗುತ್ತದೆ. ಇದು ಲಸಿಕೆಯ ವಿಷ ಅಲ್ಲ, ಭಯದ ಕೆಲಸ. ಅದಕ್ಕೇ ಕೂರಿಸಿಯೇ ಸೂಜಿ ಹಾಕಬೇಕು. ಹಾಕುವ ಕೋಣೆ ಬೇರೆ, ಕಾಯುವ ಕೋಣೆ ಬೇರೆ ಇರಲಿ. ನೆರಳು, ಕುಡಿಯುವ ನೀರು ಬೇಕು.

ಪ್ರಮಾಣ ಅರ್ಧ ಎಂಎಲ್, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಒಬ್ಬರಿಗೆ ಒಂದೇ ಸಿರಿಂಜ್. ಬಳಸಿದ ಸಿರಿಂಜ್ ಮತ್ತೆ ಬಳಸುವಂತಿಲ್ಲ. ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಕೈಗೆ ಸಿಗುವಂತಿರಬೇಕು. 108 ಆಂಬುಲೆನ್ಸ್ ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ಕಾರ್ಡ್‌ನಲ್ಲಿ ಲಸಿಕೆ ಹೆಸರು, ಬ್ಯಾಚ್ ನಂಬರ್, ತಾರೀಕು ಬರೆಸಿಕೊಂಡು ಮನೆಯವರು ಜೋಪಾನ ಮಾಡಬೇಕು.

ಲಸಿಕೆಯ ನಂತರ ಯಾವುದೇ ಗಂಭೀರ ತೊಂದರೆ ಕಂಡರೆ, ಅದು ಲಸಿಕೆಯಿಂದಲ್ಲ ಅನ್ನಿಸಿದರೂ, ಕಾರ್ಯಕರ್ತೆ ಆ ದಿನವೇ ವೈದ್ಯಾಧಿಕಾರಿಗೆ ತಿಳಿಸಬೇಕು. ಅಲ್ಲಿಂದ ತಾಲೂಕು ಆರೋಗ್ಯಾಧಿಕಾರಿ, ಜಿಲ್ಲೆಯ ಆರ್‌ಸಿಎಚ್ ಅಧಿಕಾರಿಗೆ ಹೋಗುತ್ತದೆ. ತನಿಖೆಗೆ ಜಿಲ್ಲಾ ಮಟ್ಟದಲ್ಲಿ ಸಮಿತಿ ಇರುತ್ತದೆ. ಮುಚ್ಚಿಟ್ಟರೆ ವದಂತಿ ತನಿಖೆಗಿಂತ ಮುಂಚೆ ಸಂತೆ ಸೇರುತ್ತದೆ.

ಮೆಡಿಕಲ್ ಅಂಗಡಿಯವರ ಗಮನಕ್ಕೆ

ಈ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಕರೆಂಟ್ ಹೋದರೆ ಫ್ರಿಜ್ ಎಷ್ಟು ಹೊತ್ತು ತಂಪು ಹಿಡಿಯುತ್ತದೆ ಎಂಬುದು ಅಂಗಡಿಯವರಿಗೆ ತಿಳಿದಿರಬೇಕು. ಫ್ರಿಜ್‌ನಲ್ಲಿ ಥರ್ಮಾಮೀಟರ್ ಇಟ್ಟು ದಿನಕ್ಕೆ ಎರಡು ಸಲ ಬರೆದಿಡುವುದು ಒಳ್ಳೆಯದು. ಲಸಿಕೆ ಬಾಗಿಲ ಕಪಾಟಿನಲ್ಲಿ ಬೇಡ, ಫ್ರೀಜರ್‌ನಲ್ಲಂತೂ ಬೇಡವೇ ಬೇಡ. ಬಿಸಿಯಷ್ಟೇ ಹೆಪ್ಪುಗಟ್ಟುವುದೂ ಈ ಲಸಿಕೆಗೆ ಶತ್ರು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಕೊಡುವಂತಿಲ್ಲ, ಎಸೆಯಬೇಕು.

ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಬಿಲ್‌ನಲ್ಲಿ ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಕು ಬರೆಯಬೇಕು. ಗಿರಾಕಿ ಲಸಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಊರಿಗೆ ಒಯ್ದು ಆರ್‌ಎಂಪಿ ಕೈಲಿ ಹಾಕಿಸಿಕೊಳ್ಳುವುದು ದುಡ್ಡು ನೀರಿಗೆ ಹಾಕಿದಂತೆ. ಅಲರ್ಜಿ ಆದರೆ ಜೀವಕ್ಕೂ ಅಪಾಯ. ವೈದ್ಯರು ಇರುವ ದವಾಖಾನೆಯಲ್ಲೇ ಹಾಕಿಸಿಕೊಳ್ಳಲು ಹೇಳಿ.

ಮಗಳಿಗೆ ಲಸಿಕೆ, ತಾಯಿಗೆ ತಪಾಸಣೆ

ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ. ಹಾಗಾಗಿ ಲಸಿಕೆ ಹಾಕಿಸಿಕೊಂಡ ಹುಡುಗಿಯೂ 30 ದಾಟಿದ ಮೇಲೆ ತಪಾಸಣೆ ಮಾಡಿಸಿಕೊಳ್ಳಬೇಕು. ಲಸಿಕೆಯ ವಯಸ್ಸು ದಾಟಿದ ತಾಯಿ, ಅತ್ತೆ, ಅಕ್ಕಂದಿರಿಗೆ ತಪಾಸಣೆಯೇ ದಾರಿ. ದೇಶದಲ್ಲಿ 30ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ಇಬ್ಬರೂ ಇಲ್ಲ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

2016ರ ಕೇಂದ್ರದ ಮಾರ್ಗಸೂಚಿ ಪ್ರಕಾರ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬಿಳಿ ಮಚ್ಚೆ ಕಂಡರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಕೊಯ್ಯುವುದು, ಹೊಲಿಯುವುದು ಏನೂ ಇಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಕೊಳೆಗೇರಿಗಳ ಸುಮಾರು 1.5 ಲಕ್ಷ ಮಹಿಳೆಯರಲ್ಲಿ 12 ವರ್ಷ ನಡೆಸಿದ ಅಧ್ಯಯನದಲ್ಲಿ, ಈ ಸರಳ ತಪಾಸಣೆಯಿಂದ ಗರ್ಭಕಂಠದ ಕ್ಯಾನ್ಸರ್ ಸಾವು ಶೇ 31ರಷ್ಟು ಇಳಿಯಿತು. ತಪಾಸಣೆ ಮಾಡಿದವರು ಡಾಕ್ಟರ್‌ಗಳಲ್ಲ. ಹೈಸ್ಕೂಲು ಓದಿ, ನಾಲ್ಕು ವಾರ ತರಬೇತಿ ಪಡೆದ ಮಹಿಳೆಯರು. ಸರಿಯಾಗಿ ಕಲಿಸಿದರೆ ತಳಮಟ್ಟದ ಕಾರ್ಯಕರ್ತೆ ಜೀವ ಉಳಿಸಬಲ್ಲಳು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ವೈರಸ್ ಇದೆಯೇ ಎಂದೇ ನೋಡುವ ಎಚ್‌ಪಿವಿ ಪರೀಕ್ಷೆ ಇನ್ನೂ ನಿಖರ. ಕಲಬುರಗಿ ಗಡಿಯಾಚೆಯ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಈ ಪರೀಕ್ಷೆ ಮಾಡಿದ ಊರುಗಳಲ್ಲಿ, ಮುಂದುವರಿದ ಕ್ಯಾನ್ಸರ್ ಮತ್ತು ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಅಲ್ಲಿನ ಹಳ್ಳಿಗಳಿಗೂ ನಮ್ಮ ಹಳ್ಳಿಗಳಿಗೂ ಬಹಳ ವ್ಯತ್ಯಾಸ ಇಲ್ಲ.

ಇನ್ನೊಂದು ಎಚ್ಚರಿಕೆ. ಬಿಳಿಸೆರಗು, ನಡುನೋವು ಎಂದು ಹೋದವರಿಗೆ ‘ಕ್ಯಾನ್ಸರ್ ಆಗ್ತದ’ ಎಂದು ಹೆದರಿಸಿ ಗರ್ಭಚೀಲ ತೆಗೆದ ದೂರುಗಳು ಕಲಬುರಗಿ ಜಿಲ್ಲೆಯ ತಾಂಡಾಗಳಿಂದ 2015ರ ಸುಮಾರಿಗೆ ದೊಡ್ಡದಾಗಿ ಕೇಳಿಬಂದಿದ್ದವು. ಬಿಳಿಸೆರಗು ಹೆಚ್ಚಿನ ಸಲ ಸಾಮಾನ್ಯ ಸೋಂಕು, ಮಾತ್ರೆಯಿಂದ ವಾಸಿಯಾಗುತ್ತದೆ. ತಪಾಸಣೆಯ ವರದಿ ಕೈಗೆ ಬಾರದೆ ಯಾರೂ ಆಪರೇಷನ್‌ಗೆ ಒಪ್ಪಬೇಡಿ. ರಿಮ್ಸ್‌ನಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬಹುದು.

ಆದರೆ ಈ ಲಕ್ಷಣಗಳನ್ನು ಮಾತ್ರ ಮುಂದೂಡಬೇಡಿ: ಮುಟ್ಟು ನಿಂತ ಮೇಲೆ ರಕ್ತ ಹೋಗುವುದು, ಎರಡು ಮುಟ್ಟಿನ ನಡುವೆ ರಕ್ತ, ಗಂಡನ ಜೊತೆ ಸೇರಿದ ಮೇಲೆ ರಕ್ತ, ಕೆಟ್ಟ ವಾಸನೆಯ ಸೆರಗು. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಇಲ್ಲವೇ ಸಿರವಾರದ ಸರ್ಕಾರಿ ಆಸ್ಪತ್ರೆ. ಅಲ್ಲಿಂದ ಮಾನ್ವಿ ಅಥವಾ ದೇವದುರ್ಗದ ತಾಲೂಕು ಆಸ್ಪತ್ರೆ, ರಾಯಚೂರಿನ ರಿಮ್ಸ್. ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ.

ಹಾಜರಿ ಪುಸ್ತಕದಲ್ಲಿ ಇಲ್ಲದ ಹುಡುಗಿ

ಶಾಲೆಯಲ್ಲಿ ಲಸಿಕೆ ಹಾಕುವುದು ಸುಲಭ. ಆದರೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ದಿನಗಳಲ್ಲಿ ಎಷ್ಟೋ ಹುಡುಗಿಯರು ಶಾಲೆಯಲ್ಲಿ ಇರುವುದಿಲ್ಲ, ಹೊಲದಲ್ಲಿ ಇರುತ್ತಾರೆ. ಗುಳೆ ಹೋದ ಕುಟುಂಬಗಳ ಮಕ್ಕಳು ಬೆಂಗಳೂರಿನ ಕಟ್ಟಡ ಕೆಲಸದ ಶೆಡ್‌ಗಳಲ್ಲಿ ಇರುತ್ತಾರೆ. ಏಳನೇ ತರಗತಿಗೆ ಓದು ಬಿಟ್ಟವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬೇಗ ಮದುವೆಯಾಗುವ, ಮುಂದೆ ತಪಾಸಣೆಗೂ ಬಾರದ ಅಪಾಯ ಹೆಚ್ಚಿರುವುದು ಇವರಿಗೇ.

ಆದ್ದರಿಂದ ಪಟ್ಟಿ ಶಾಲೆಯ ಹಾಜರಿ ಪುಸ್ತಕದಿಂದಷ್ಟೇ ಆದರೆ ಸಾಲದು. ಆಶಾ ಕಾರ್ಯಕರ್ತೆಯ ಮನೆ ಸಮೀಕ್ಷೆಯ ಪುಸ್ತಕ, ಅಂಗನವಾಡಿಯ ಕಿಶೋರಿಯರ ಪಟ್ಟಿ ಮೂರನ್ನೂ ಜೋಡಿಸಬೇಕು. ಕವಿತಾಳ, ಮಲ್ಲಟ, ಅತ್ತನೂರು, ಕಲ್ಲೂರು ಯಾವುದೇ ಊರಿರಲಿ, ತಾಂಡಾ ಇರಲಿ, ತಪ್ಪಿಹೋದವರಿಗೆ ಇನ್ನೊಂದು ದಿನ ಇಡಬೇಕು. ಹಬ್ಬಕ್ಕೆ, ಜಾತ್ರೆಗೆ ಗುಳೆ ಹೋದವರು ಊರಿಗೆ ಬರುವ ವಾರ ಅದಕ್ಕೆ ಸರಿಯಾದ ಹೊತ್ತು.

ಅಂಗಡಿಯವರೂ ಕೈ ಜೋಡಿಸಬಹುದು. ಲಸಿಕೆಯ ದಿನ, ಜಾಗ ಬರೆದ ಚೀಟಿಯೊಂದನ್ನು ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ಅಂಟಿಸಿದರೆ ಊರಿಗೆಲ್ಲ ಸುದ್ದಿ ಮುಟ್ಟುತ್ತದೆ. ಬಟ್ಟೆ ಅಂಗಡಿ, ಜಿನ್ನಿಂಗ್ ಮಿಲ್, ಹೋಟೆಲ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ತಪಾಸಣೆಗೆ ಹೋಗಿ ಬರಲು ಕೂಲಿ ಕಡಿಯದೆ ಅರ್ಧ ದಿನ ಬಿಡುವು ಕೊಟ್ಟರೆ ಸಾಕು.

ಇಂದು ಲಸಿಕೆ ಹಾಕಿಸಿಕೊಂಡ 14ರ ಹುಡುಗಿಗೆ ಅದರ ಪೂರ್ತಿ ಫಲ ಗೊತ್ತಾಗುವುದು ಅವಳಿಗೆ ನಲವತ್ತಾದಾಗ. ಅಷ್ಟು ದೂರದ ಮಾತನ್ನು ಇವತ್ತು ಮನೆಯವರು ನಂಬಬೇಕು ಎಂದರೆ, ಬಾಗಿಲಿಗೆ ಬಂದ ಕಾರ್ಯಕರ್ತೆ ಐದು ನಿಮಿಷ ಕೂತು ಮಾತಾಡಬೇಕು. ಮನೆಯವರೂ ‘ಬರ್ರೀ ಅಕ್ಕಾರ, ಕುಂದ್ರ್ರಿ’ ಎಂದು ಕೂರಿಸಿ, ಮನಸ್ಸಿನಲ್ಲಿರುವುದನ್ನು ಕೇಳಬೇಕು.